ಸುದ್ದಿಯಾಗುವ ಸೊಂಟ, ಸುದ್ದಿಯಾಗದ ಬಾಣಂತಿ

ವೀಕ್ಷಕರೇ, 2024ರ ಕೊನೆಯ ತಿಂಗಳುಗಳನ್ನ ಒಮ್ಮೆ ನೆನಪು ಮಾಡಿಕೊಳ್ಳಿ. ಸೆಪ್ಟೆಂಬರ್ 8ರಂದು ಮುಂಬೈನಲ್ಲಿ ನಮ್ಮ ಬೆಂಗಳೂರಿನಲ್ಲಿ ಬೆಳೆದ ಹುಡುಗಿ ದೀಪಿಕಾ ಪಡುಕೋಣೆಗೆ ಹೆಣ್ಣು ಮಗು ಹುಟ್ಟಿತು. ಯಾವ ಚಾನೆಲ್ ಹಾಕಿದರೂ ಅದೇ ಸುದ್ದಿ. ಎರಡು ತಿಂಗಳು ಕಳೀತು. ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಳ್ಳೋಕೆ ಶುರುವಾದರು. ಸಾವಿನ ಲೆಕ್ಕ ಐದಕ್ಕೆ ಮುಟ್ಟಿತು. ಆಗಲೂ ಯಾವ ಚಾನೆಲ್ ಹಾಕಿದರೂ ಅದೇ ಸುದ್ದಿ.

ಮೊಳಕಾಲ್ಮೂರಿನವರಿಗೆ ಬಳ್ಳಾರಿ ಪರ ಊರಲ್ಲ. ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರೂ ಜಿಲ್ಲಾ ಕೇಂದ್ರಕ್ಕಿಂತ ಬಳ್ಳಾರಿಯೇ ಅವರಿಗೆ ಹತ್ತಿರ. ಹೆರಿಗೆ ಕಷ್ಟ ಅಂತ ಗೊತ್ತಾದ ಕೂಡಲೇ ಅಲ್ಲಿನ ಎಷ್ಟೋ ಮನೆಯವರು ಗಾಡಿ ತಿರುಗಿಸೋದು ಬಳ್ಳಾರಿ ಕಡೆಗೇ. ಹಾಗಾಗಿ ಆ ನವೆಂಬರ್‌ನಲ್ಲಿ ಮೊಳಕಾಲ್ಮೂರು, ರಾಂಪುರ ಕಡೆಯ ಬಸುರಿಯರಿಗೆ ಟಿವಿ ನೋಡೋದು ಎಷ್ಟು ಭಯ ಹುಟ್ಟಿಸಿರಬೇಕು, ನೀವೇ ಊಹಿಸಿ.

ಈ ಎರಡು ಸುದ್ದಿಗಳನ್ನ ಅಕ್ಕಪಕ್ಕ ಇಟ್ಟು ನೋಡಿ. ಬಾಣಂತಿ ಸುದ್ದಿಯಾಗೋದು ಎರಡೇ ಸಲ. ಒಂದು, ಆಕೆ ಪ್ರಸಿದ್ಧಳಾಗಿದ್ದು ಹೊಟ್ಟೆ ಬಂದಾಗ ಅಥವಾ ಆ ಹೊಟ್ಟೆ ಇಳಿದಾಗ. ಇನ್ನೊಂದು, ಆಕೆ ಬಡವಳಾಗಿದ್ದು ಸತ್ತಾಗ. ಇವೆರಡರ ನಡುವೆ ಇರೋ ಒಂಬತ್ತು ತಿಂಗಳು, ಆಮೇಲಿನ ಬಾಣಂತನ, ಅದರ ನೋವು, ಹಸಿವು, ನಿದ್ದೆಗೆಟ್ಟ ರಾತ್ರಿಗಳು ಯಾರಿಗೂ ಸುದ್ದಿಯಲ್ಲ. ಇದು ಯಾವಾಗಿನಿಂದ ಹೀಗಾಯಿತು? ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ನೆಲದಲ್ಲಿ ನಿಂತು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಟಿವಿ, ರೇಡಿಯೋ, ಪೇಪರ್ ಯಾವುದೂ ಇಲ್ಲದ ಕಾಲದಲ್ಲೂ ಈ ಸೀಮೆಯಲ್ಲಿ ಒಂದು ಮಾಧ್ಯಮ ಇತ್ತು. ಅದು ಹಾಡು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿರ್ತೀರಿ. ಅಕ್ಷರ ಕಲಿಯದ ಈ ಕಾಡುಗೊಲ್ಲ ಹೆಣ್ಣುಮಗಳ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವನ್ನ ಕೂತು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಪದವಿ ಕೊಟ್ಟಿತು. ಅಂಥ ಅಜ್ಜಿಯರು ಕಾಪಾಡಿಕೊಂಡು ಬಂದ ನಮ್ಮ ಜನಪದದಲ್ಲಿ ಬಯಕೆ ಹಾಡು ಅಂತಲೇ ಒಂದು ಬಗೆ ಇದೆ. ತಿಂಗಳು ಒಂದು, ತಿಂಗಳು ಎರಡು ಅಂತ ಎಣಿಸಿಕೊಂಡು ಹೋಗುತ್ತೆ. ಯಾವ ತಿಂಗಳಲ್ಲಿ ಬಸುರಿಗೆ ಏನು ತಿನ್ನೋ ಆಸೆ, ಯಾವ ತಿಂಗಳಲ್ಲಿ ಹುಳಿ ಬೇಕು, ಯಾವಾಗ ತವರು ನೆನಪಾಗುತ್ತೆ, ಎಲ್ಲಾ ಅದರಲ್ಲಿ ಬರುತ್ತೆ.

ಇದರಲ್ಲಿ ಒಂದು ವಿಷಯ ಗಮನಿಸಿ. ಆ ಹಾಡು ಬಸುರಿಯ ಹೊಟ್ಟೆ ಎಷ್ಟು ದೊಡ್ಡದಾಗಿದೆ ಅಂತ ಅಳೆಯೋದಿಲ್ಲ. ನಿನಗೇನು ಬೇಕು ಅಂತ ಕೇಳುತ್ತೆ. ಗರ್ಭಿಣಿ ಅಲ್ಲಿ ನೋಡಿಸಿಕೊಳ್ಳೋ ವಸ್ತುವಲ್ಲ, ಬಾಯಿಬಿಟ್ಟು ಕೇಳೋ ಮನುಷ್ಯಳು. ಹಾಡಿದವರೂ ಹೆಣ್ಣುಮಕ್ಕಳೇ, ಹೆತ್ತವರೇ.

ಹಾಗಂತ ಹಳೇ ಕಾಲ ಬಂಗಾರದ ಕಾಲ ಅಂತ ಯಾರೂ ಬೀಗಬೇಕಾಗಿಲ್ಲ. ಆ ಹಾಡು ಹುಟ್ಟಿದ ಹಟ್ಟಿಗಳಲ್ಲೇ ಇನ್ನೊಂದು ಪದ್ಧತಿ ಇತ್ತು. ಹೆರಿಗೆ ಅಂದ್ರೆ ಸೂತಕ. ಹಟ್ಟಿಯ ಬೇಲಿಯ ಒಳಗೆ ದೇವರು, ಬೇಲಿಯ ಹೊರಗೆ ಬಾಣಂತಿ. ಸೋಗೆಯದೋ ಸೊಪ್ಪಿನದೋ ಒಂದು ಪುಟ್ಟ ಗುಡಿಸಲು, ಅದರಲ್ಲಿ ಹಸಿ ಮೈಯ ತಾಯಿ ಮತ್ತು ಕಣ್ಣು ಬಿಡದ ಕೂಸು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲೇ ಕಾಡುಗೊಲ್ಲರ ಈ ಪದ್ಧತಿ ದಾಖಲಾಗಿದೆ. ನಮ್ಮವರೇ ಆದ ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳ ಮೇಲೆ ದೊಡ್ಡ ಅಧ್ಯಯನವನ್ನೇ ಮಾಡಿದ್ದಾರೆ. ಅಂದ್ರೆ ಬಾಣಂತಿಯ ದೇಹವನ್ನ ಹಾಡಿನಲ್ಲಿ ಮುದ್ದು ಮಾಡಿದ ಸಮಾಜವೇ ಹೆರಿಗೆಯಾದ ದಿನ ಅದನ್ನ ಹೊರಗಿಟ್ಟಿತು. ಎರಡೂ ಸತ್ಯ. ಎರಡನ್ನೂ ಒಟ್ಟಿಗೇ ನೆನಪಿಡಬೇಕು.

ಬಾಣಂತಿಯನ್ನ ಕಣ್ಣಿಂದ ಮರೆಯಾಗಿಡೋದು ನಮ್ಮ ಹಟ್ಟಿಗಳಲ್ಲಿ ಮಾತ್ರ ಇತ್ತು ಅಂದ್ಕೋಬೇಡಿ. ಜಗತ್ತಿನ ದೊಡ್ಡಣ್ಣ ಅಮೆರಿಕವನ್ನೇ ತಗೊಳ್ಳಿ. 1952ರಲ್ಲಿ ಅಲ್ಲಿನ 'ಐ ಲವ್ ಲೂಸಿ' ಅನ್ನೋ ಟಿವಿ ಧಾರಾವಾಹಿಯ ನಟಿ ಲೂಸಿಲ್ ಬಾಲ್ ನಿಜವಾಗಿಯೂ ಗರ್ಭಿಣಿಯಾದರು. ಕಥೆಯಲ್ಲೂ ಆಕೆಯನ್ನ ಗರ್ಭಿಣಿ ಮಾಡಿದರು. ಆದರೆ ಗರ್ಭಿಣಿ ಅನ್ನೋ ಪದ ಬಳಸೋಕೆ ಚಾನೆಲ್ ಬಿಡಲಿಲ್ಲ! ಆ ಪದ ಅಸಭ್ಯವಂತೆ. ಸ್ಕ್ರಿಪ್ಟ್‌ಗಳನ್ನ ಕ್ಯಾಥೊಲಿಕ್ ಪಾದ್ರಿ, ಪ್ರಾಟೆಸ್ಟೆಂಟ್ ಪಾದ್ರಿ, ಯಹೂದಿ ಗುರು, ಮೂರೂ ಜನರಿಗೆ ತೋರಿಸಿ ಒಪ್ಪಿಗೆ ಪಡೆದರು. 1953ರ ಜನವರಿ 19ರಂದು ಮಗು ಹುಟ್ಟೋ ಕಂತು ಪ್ರಸಾರವಾಯಿತು. ಅದೇ ದಿನ ಲೂಸಿಲ್ ಬಾಲ್‌ಗೂ ಗಂಡು ಮಗು ಹುಟ್ಟಿತು. ಆ ಕಂತು ನೋಡಿದವರು ಸುಮಾರು 4 ಕೋಟಿ 40 ಲಕ್ಷ ಜನ. ಮರುದಿನ ನಡೆದ ಅಧ್ಯಕ್ಷ ಐಸೆನ್‌ಹೋವರ್ ಅವರ ಪ್ರಮಾಣವಚನಕ್ಕೂ ಅಷ್ಟು ಜನ ಟಿವಿ ಮುಂದೆ ಕೂತಿರಲಿಲ್ಲ. ಸೆಲೆಬ್ರಿಟಿಯ ಬಸಿರು ಎಂಥಾ ದೊಡ್ಡ ವ್ಯಾಪಾರ ಅನ್ನೋದು ಟಿವಿ ಜಗತ್ತಿಗೆ ಅರ್ಥವಾದ ದಿನ ಅದು.

ನಮ್ಮ ಕನ್ನಡ ಸಿನಿಮಾ ಏನು ಮಾಡಿತು? ಚಳ್ಳಕೆರೆಯ ಟಾಕೀಸಿನಲ್ಲಿ ನೆಲಕ್ಕೆ ಕೂತು ಸಿನಿಮಾ ನೋಡಿದ ಹಿರಿಯರನ್ನ ಕೇಳಿ. ನಾಯಕಿಗೆ ವಾಕರಿಕೆ, ಒಂದು ಮಾವಿನಕಾಯಿ, ಅತ್ತೆಯ ಮುಖದಲ್ಲಿ ನಗು. ಆಮೇಲೆ ಹೊಟ್ಟೆಗೆ ಕಟ್ಟಿದ ದಿಂಬು. ಬಾಗಿಲು ಮುಚ್ಚುತ್ತೆ, ಹೊರಗೆ ಗಂಡ ಅತ್ತಿಂದಿತ್ತ ಓಡಾಡ್ತಾನೆ, ಮಗು ಅಳೋ ಸದ್ದು. ಮುಂದಿನ ದೃಶ್ಯದಲ್ಲಿ ನಾಯಕಿ ಮೊದಲಿನಷ್ಟೇ ತೆಳ್ಳಗೆ, ಕೈಯಲ್ಲಿ ಕೂಸು. ನಡುವಿನ ಬಾಣಂತನ ಕತ್ತರಿಗೆ ಹೋಯಿತು. ಹೆತ್ತ ಮೈ ಮರುದಿನವೇ ಮೊದಲಿನಂತಾಗುತ್ತೆ ಅನ್ನೋ ಸುಳ್ಳನ್ನ ಇನ್‌ಸ್ಟಾಗ್ರಾಂಗಿಂತ ಬಹಳ ಮೊದಲೇ ಹೇಳಿಕೊಟ್ಟದ್ದು ಸಿನಿಮಾ.

ಆದರೆ ಒಂದು ಸಿನಿಮಾ ಆ ಮುಚ್ಚಿದ ಬಾಗಿಲನ್ನ ತೆರೆಯಿತು. 1971ರ 'ಶರಪಂಜರ'. ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಾವೇರಿಯ ಪಾತ್ರದಲ್ಲಿ ಕಲ್ಪನಾ. ಹೆರಿಗೆಯ ನಂತರ ಹೆಣ್ಣೊಬ್ಬಳ ಮನಸ್ಸು ಹದ ತಪ್ಪಬಹುದು, ಅದಕ್ಕೆ ಚಿಕಿತ್ಸೆ ಇದೆ, ಆಕೆ ಗುಣವಾಗಿ ಬಂದರೂ ಮನೆಯವರ ಕಣ್ಣು ಆಕೆಯನ್ನ ಮತ್ತೆ ಹುಚ್ಚಿ ಮಾಡಬಹುದು ಅಂತ ಕನ್ನಡಿಗರಿಗೆ ಎದೆಗೆ ನಾಟೋ ಹಾಗೆ ಹೇಳಿದ ಕಥೆ. ಇವತ್ತು ನಾವು ಪೋಸ್ಟ್‌ಪಾರ್ಟಂ ಅಂತ ದೊಡ್ಡ ಪದ ಹಾಕಿ ಪ್ಯಾನೆಲ್ ಚರ್ಚೆ ಮಾಡ್ತೀವಲ್ಲ, ಅದನ್ನ ಕನ್ನಡದಲ್ಲಿ ಆಗಲೇ ಕಾದಂಬರಿಯಾಗಿ ಬರೆದಿದ್ದರು ತ್ರಿವೇಣಿ. ಆ ತ್ರಿವೇಣಿಯವರ ಬದುಕು ಹೇಗೆ ಮುಗಿಯಿತು ಗೊತ್ತಾ? 1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ವಯಸ್ಸು 35 ತುಂಬಿರಲಿಲ್ಲ. ಬಾಣಂತಿಯ ಮನಸ್ಸನ್ನ ಕನ್ನಡಕ್ಕೆ ಅರ್ಥ ಮಾಡಿಸಿದ ಲೇಖಕಿ ಬಾಣಂತನದಲ್ಲೇ ಹೋದರು. ಇದಕ್ಕಿಂತ ದೊಡ್ಡ ಎಚ್ಚರಿಕೆ ನಮಗೆ ಇನ್ನೇನು ಬೇಕಿತ್ತು?

ಆ ಬಾಗಿಲು ಹೆಚ್ಚು ದಿನ ತೆರೆದಿರಲಿಲ್ಲ. ಬೇರೆ ಬಾಗಿಲು ತೆರೆಯಿತು. 1991ರ ಆಗಸ್ಟ್‌ನಲ್ಲಿ ಅಮೆರಿಕದ 'ವ್ಯಾನಿಟಿ ಫೇರ್' ಪತ್ರಿಕೆಯ ಮುಖಪುಟದಲ್ಲಿ ಏಳು ತಿಂಗಳ ಗರ್ಭಿಣಿ ನಟಿ ಡೆಮಿ ಮೂರ್ ಬೆತ್ತಲೆಯಾಗಿ ಕಾಣಿಸಿಕೊಂಡರು. ಫೋಟೋ ತೆಗೆದವರು ಆನಿ ಲೀಬೊವಿಟ್ಜ್. ಕೆಲವು ಅಂಗಡಿಯವರು ಅದನ್ನ ಮಾರಲ್ಲ ಅಂದರು, ಕೆಲವರು ಕವರ್ ಹಾಕಿ ಮಾರಿದರು. ಮೊದಲ ಉದ್ದೇಶ ಒಳ್ಳೆಯದೇ ಇತ್ತು ಅನ್ನಿ. ಗರ್ಭಿಣಿ ಅಂದ್ರೆ ಮುಚ್ಚಿಡಬೇಕಾದ ನಾಚಿಕೆಯಲ್ಲ ಅಂತ ಆ ಫೋಟೋ ಹೇಳಿತು. ಆದರೆ ಒಮ್ಮೆ ಕ್ಯಾಮೆರಾ ಒಳಗೆ ಬಂದ ಮೇಲೆ ಅದು ಸುಮ್ಮನೆ ಕೂರುತ್ತಾ? ಹೊಟ್ಟೆ ತೋರಿಸಿದ್ರಿ, ಸರಿ. ಈಗ ಹೊಟ್ಟೆ ಇಳಿದದ್ದನ್ನ ತೋರಿಸಿ ಅಂತು.

ನಮ್ಮಲ್ಲಿ 1994ರಲ್ಲಿ ಉದಯ ಟಿವಿ ಬಂತು. 2006ರಲ್ಲಿ ಟಿವಿ9 ಕನ್ನಡ ಬಂದ ಮೇಲೆ ದಿನದ 24 ಗಂಟೆಯೂ ಸುದ್ದಿ ತುಂಬಿಸೋ ಪೈಪೋಟಿ ಜೋರಾಯಿತು. ಅಷ್ಟೊತ್ತಿಗೆ ಮೊಬೈಲ್ ಕೂಡ ಕೈಗೆ ಬಂತು. 2011ರ ನವೆಂಬರ್‌ನಲ್ಲಿ ಮಂಗಳೂರು ಮೂಲದ ಐಶ್ವರ್ಯಾ ರೈಗೆ ಮಗಳು ಹುಟ್ಟಿದಳು. ಮುಂದಿನ ವರ್ಷ ಮೇ ತಿಂಗಳಲ್ಲಿ ಆಕೆ ಕಾನ್ ಚಿತ್ರೋತ್ಸವಕ್ಕೆ ಹೋದರು. ಆರು ತಿಂಗಳ ಕೂಸಿನ ತಾಯಿ. ಮೈ ತುಂಬಿಕೊಂಡಿತ್ತು. ಆಗ ಏನೇನೆಲ್ಲಾ ನಡೀತು! ಆಕೆಯ ವಿಡಿಯೋಗೆ ಆನೆ ಘೀಳಿಡೋ ಸದ್ದು ಜೋಡಿಸಿ ಹರಿಬಿಟ್ಟರು. ವಿಶ್ವಸುಂದರಿ ಕಿರೀಟ ತೊಟ್ಟವಳು ತೂಕ ಇಳಿಸೋದು ದೇಶಕ್ಕೆ ಮಾಡಬೇಕಾದ ಕರ್ತವ್ಯ ಅನ್ನೋ ಹಾಗೆ ಚರ್ಚೆಯಾಯಿತು. ಆಕೆ ಮಾತ್ರ ತನ್ನ ಪಾಡಿಗೆ ತಾನು ಮಗುವನ್ನ ನೋಡಿಕೊಂಡು ಇದ್ದರು.

2016ರ ಡಿಸೆಂಬರ್‌ನಲ್ಲಿ ಕರೀನಾ ಕಪೂರ್‌ಗೆ ಮಗ ಹುಟ್ಟಿದ. ಫೆಬ್ರವರಿಯಲ್ಲಿ ಆಕೆ ಫ್ಯಾಷನ್ ಶೋ ರ‍್ಯಾಂಪ್ ಮೇಲೆ ನಡೆದರು. ಆಕೆಯ ಕೆಲಸ ಅದು, ಆಕೆಯ ಇಷ್ಟ. ಆದರೆ ಸುದ್ದಿಮನೆಗಳು ಅದನ್ನ ಎಲ್ಲಾ ತಾಯಂದಿರಿಗೂ ಪರೀಕ್ಷೆ ಪತ್ರಿಕೆ ಮಾಡಿಬಿಟ್ಟವು. ಇನ್ನು 2024ರ ಮೇ 20. ದೀಪಿಕಾ ಮುಂಬೈನಲ್ಲಿ ವೋಟು ಹಾಕೋಕೆ ಬಂದರು. ತೂಕ ಹೆಚ್ಚಾದರೆ ಬೈದ ಜನವೇ ಈಗ ಹೊಟ್ಟೆ ಸಾಲದು ಅಂತ ಬೈದರು. ಅದು ಸುಳ್ಳು ಹೊಟ್ಟೆಯಂತೆ, ಬಾಡಿಗೆ ತಾಯಿಯಂತೆ! ದಪ್ಪಗಾದರೂ ತಪ್ಪು, ಆಗದಿದ್ದರೂ ತಪ್ಪು. ಹೆಣ್ಣಿನ ಹೊಟ್ಟೆ ಯಾರಪ್ಪನ ಆಸ್ತಿ ಅಂತ ಅಳೀತಾ ಇದ್ದಾರೆ ಇವರು?

ನಮ್ಮ ಕನ್ನಡಿಗರು ಬೇರೆ ಥರವೂ ನಡೆದುಕೊಂಡಿದ್ದಾರೆ, ಅದನ್ನೂ ಹೇಳಬೇಕು. 2020ರ ಜೂನ್ 7ರಂದು ನಟ ಚಿರಂಜೀವಿ ಸರ್ಜಾ ತೀರಿಕೊಂಡಾಗ ಪತ್ನಿ ಮೇಘನಾ ರಾಜ್ ಗರ್ಭಿಣಿ. ಅಕ್ಟೋಬರ್‌ನಲ್ಲಿ ಸೀಮಂತದ ದಿನ ಪಕ್ಕದಲ್ಲಿ ಗಂಡನ ಕಟೌಟ್ ನಿಲ್ಲಿಸಿಕೊಂಡ ಆಕೆಯ ಫೋಟೋ ಬಂತು. ಆ ತಿಂಗಳು 22ಕ್ಕೆ ಗಂಡು ಮಗು ಹುಟ್ಟಿತು. ಹಳ್ಳಿ ಹಳ್ಳಿಯಲ್ಲಿ ಜನ ತಮ್ಮ ಮನೆ ಮಗಳಿಗೆ ಹೆರಿಗೆಯಾದಂತೆ ಖುಷಿಪಟ್ಟರು. ಗಂಡನಿಲ್ಲದ ಹೆಣ್ಣಿಗೆ ಹಸಿರು ಬಳೆ, ಕುಂಕುಮದ ಲೆಕ್ಕ ಹಾಕೋ ನಮ್ಮ ಸಮಾಜ ಅವತ್ತು ಆ ಲೆಕ್ಕ ಮರೆತು ಆಕೆಗೆ ಒಳ್ಳೆಯದಾಗಲಿ ಅಂತು. ಜನಕ್ಕೆ ಕರುಳಿದೆ ವೀಕ್ಷಕರೇ. ಅದನ್ನ ಕೇಳಿಸಿಕೊಳ್ಳೋ ಕಿವಿ ಸುದ್ದಿಮನೆಗೆ ಬೇಕು.

ಸರಿ, ಇದೆಲ್ಲಾ ಬಾಲಿವುಡ್, ಬೆಂಗಳೂರು. ಮೊಳಕಾಲ್ಮೂರಿಗೇನು ಸಂಬಂಧ ಅಂತೀರಾ? ಸಂಬಂಧ ಇದೆ.

ಮೊಳಕಾಲ್ಮೂರು ಅಂದ ಕೂಡಲೇ ನೆನಪಾಗೋದು ರೇಷ್ಮೆ ಸೀರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸೀರೆ ಅದು. ಮಗ್ಗದ ಮುಂದೆ ಗಂಡ ಲಾಳಿ ಹೊಡೀತಾ ಇದ್ರೆ, ಪಕ್ಕದಲ್ಲಿ ಕೂತು ಕಂಡಿಕೆ ಸುತ್ತೋಳು ಹೆಂಡತಿ. ಬಸುರಿಯಾದರೂ ಸುತ್ತುತ್ತಾಳೆ, ಬಾಣಂತನ ಮುಗಿಸಿ ಬಂದು ಮತ್ತೆ ಸುತ್ತುತ್ತಾಳೆ. ಅಂಥ ಕೈಗಳು ನೂಲು ಸುತ್ತಿದ ಸೀರೆಯನ್ನ ದೊಡ್ಡೂರಿನ ಹೆಣ್ಣುಮಕ್ಕಳು ಸೀಮಂತಕ್ಕೆ ಉಟ್ಟು ಫೋಟೋಶೂಟ್ ಮಾಡಿಸ್ತಾರೆ. ಫೋಟೋದಲ್ಲಿ ಸೀರೆ ಕಾಣುತ್ತೆ, ಹೊಟ್ಟೆ ಕಾಣುತ್ತೆ, ಕಂಡಿಕೆ ಸುತ್ತಿದವಳು ಕಾಣಲ್ಲ.

ಸೀರೆಗೆ ಇನ್ನೊಂದು ಗುಣ ಇದೆ. ಸೀರೆಗೆ ಸೈಜ್ ಇಲ್ಲ. ಮದುವೆಗೆ ಉಟ್ಟ ಸೀರೆಯನ್ನೇ ಏಳನೇ ತಿಂಗಳಲ್ಲಿ ಉಡಬಹುದು, ತೊಟ್ಟಿಲ ಶಾಸ್ತ್ರಕ್ಕೂ ಉಡಬಹುದು. ನೀನು ದಪ್ಪಗಾಗಿದ್ದೀಯ ಅಂತ ಸೀರೆ ಯಾವ ತಾಯಿಗೂ ಹೇಳಿಲ್ಲ. ಹೇಳಿದ್ದು ರೆಡಿಮೇಡ್ ಬಟ್ಟೆಯ ನಂಬರ್, ಆಮೇಲೆ ಮೊಬೈಲ್ ಪರದೆ. ಇವತ್ತು ನಾಯಕನಹಟ್ಟಿಯ ಬಾಣಂತಿಯೂ ಹಾಲು ಕುಡಿಸ್ತಾ ಒಂದು ಕೈಯಲ್ಲಿ ಮೊಬೈಲ್ ನೋಡ್ತಾಳೆ. ಅಲ್ಲಿ ಆರು ವಾರದಲ್ಲಿ ಹೊಟ್ಟೆ ಕರಗಿಸಿದ ನಟಿ, ಅದಕ್ಕೊಂದು ಪುಡಿ, ಅದಕ್ಕೊಂದು ಬೆಲ್ಟ್. ಇತ್ತ ಬಂದವರೆಲ್ಲಾ ಕೇಳೋದು, "ಯಾಕವ್ವಾ, ಹೊಟ್ಟೆ ಇನ್ನೂ ಇಳಿದೇ ಇಲ್ಲ?"

ದೇಹದ ಲೆಕ್ಕ ಬೇರೆಯೇ ಇದೆ. ಒಂಬತ್ತು ತಿಂಗಳು ಹಿಗ್ಗಿದ ಗರ್ಭಕೋಶ ತನ್ನ ಹಳೇ ಅಳತೆಗೆ ಬರೋಕೆ ಸುಮಾರು ಆರು ವಾರ ಬೇಕು. ಹೊಟ್ಟೆಯ ಸ್ನಾಯುಗಳಿಗೆ ಇನ್ನೂ ಹೆಚ್ಚು ತಿಂಗಳು. ಹಾಲೂಡಿಸೋ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಅಂದ್ರೆ ಆಕೆ ಕಡಿಮೆ ಉಣ್ಣಬೇಕಾದ ಕಾಲವಲ್ಲ ಅದು, ಜಾಸ್ತಿ ಉಣ್ಣಬೇಕಾದ ಕಾಲ. ನಟಿಯ ಹಿಂದೆ ಅಡುಗೆಯವರು, ಆಹಾರ ತಜ್ಞರು, ಮಗು ನೋಡಿಕೊಳ್ಳೋ ದಾದಿ, ಜಿಮ್ ತರಬೇತುದಾರ ಇರ್ತಾರೆ. ಚಳ್ಳಕೆರೆಯ ಶೇಂಗಾ ಹೊಲದಲ್ಲಿ ಕಳೆ ಕೀಳೋ ತಾಯಿಯ ಹಿಂದೆ ಯಾರಿದ್ದಾರೆ? ಅದರ ಮೇಲೆ ನಮ್ಮ ಹಳೇ ಪಥ್ಯದ ಕಾಟ. ನೀರು ಕುಡಿಯಬೇಡ, ತರಕಾರಿ ಬೇಡ, ಹಣ್ಣು ಶೀತ. ಒಂದು ಕಡೆ ಅಜ್ಜಿ ತಟ್ಟೆ ಕಿತ್ತುಕೊಂಡರೆ ಇನ್ನೊಂದು ಕಡೆ ರೀಲ್ಸ್ ಕಿತ್ತುಕೊಳ್ಳುತ್ತೆ.

ಪರಿಣಾಮ ಏನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ರಕ್ತ ಕಡಿಮೆ ಇರೋ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಜೀವಕ್ಕೇ ಅಪಾಯ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳೋಕಾಗಲ್ಲ. 2007ರಲ್ಲಿ ಮಡಿಲು ಯೋಜನೆ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಕೊಡುವ ಆ ಚೀಲದಲ್ಲಿ ಸೊಳ್ಳೆ ಪರದೆ, ಸೋಪು, ಮಗುವಿನ ಸ್ವೆಟರ್, ಟೋಪಿ ಜೊತೆಗೆ ಬಾಣಂತಿಯ ಹೊಟ್ಟೆಗೆ ಕಟ್ಟೋ ಬಟ್ಟೆಯೂ ಇತ್ತು. ಹೊಟ್ಟೆ ಕಟ್ಟೋದು ನಮ್ಮ ಅಜ್ಜಿಯರ ಕಾಲದ್ದೇ. ಅವರು ಅದನ್ನ ಬಾಣಂತಿಯ ಬೆನ್ನಿಗೆ, ಸೊಂಟಕ್ಕೆ ಆಸರೆಯಾಗಲಿ ಅಂತಲೂ ಕಟ್ಟುತ್ತಿದ್ದರು. ಫೋಟೋಗೆ ತೆಳ್ಳಗೆ ಕಾಣಲಿ ಅನ್ನೋ ಯೋಚನೆ ಅವರಿಗಿರಲಿಲ್ಲ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯಕ್ಕೆಲ್ಲಾ ಬಂತು. ಅಂಗನವಾಡಿಯಲ್ಲಿ ಗರ್ಭಿಣಿಗೆ, ಬಾಣಂತಿಗೆ ಬಿಸಿಯೂಟ, ಮೊಟ್ಟೆ, ಹಾಲು. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟಬಾರದು ಅನ್ನೋ ಊರಲ್ಲಿ ಆಕೆ ಅಂಗನವಾಡಿಗೆ ಹೋಗಿ ಉಣ್ಣೋದು ಹೇಗೆ? ಯೋಜನೆ ಎಡವಿದ್ದು ಅಲ್ಲೇ. ಈ ಪ್ರಶ್ನೆ ಪ್ರೈಮ್ ಟೈಮ್‌ಗೆ ಎಷ್ಟು ಸಲ ಬಂದಿದೆ ಹೇಳಿ?

ಕ್ಯಾಮೆರಾ ಗೊಲ್ಲರಹಟ್ಟಿಗೆ ಹೋಗಲ್ಲ ಅಂತಲ್ಲ. ಹೋಗುತ್ತೆ, ಸಾವಾದ ಮೇಲೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ, ಚಳಿಯ ನಡುವೆ ಊರಾಚೆಯ ಗುಡಿಸಲಿನಲ್ಲಿ ಇಟ್ಟಿದ್ದ ಹಸುಗೂಸು ಸತ್ತುಹೋಯಿತು. ಅವತ್ತು ಗುಡಿಸಲಿನ ಚಿತ್ರ ಮನೆ ಮನೆಗೂ ತಲುಪಿತು. ಕಾನೂನು ಇರಲಿಲ್ಲವಾ? ಇತ್ತು. ಅಮಾನವೀಯ ಪದ್ಧತಿಗಳ ವಿರುದ್ಧ ರಾಜ್ಯ 2017ರಲ್ಲೇ ಕಾಯ್ದೆ ಮಾಡಿ 2020ರಲ್ಲಿ ಜಾರಿಗೆ ತಂದಿತ್ತು. ಮುಟ್ಟಾದ, ಗರ್ಭಿಣಿಯಾದ ಹೆಣ್ಣುಮಕ್ಕಳನ್ನ ಊರ ಹೊರಗಿಡೋದು ಆ ಕಾಯ್ದೆಯಲ್ಲಿ ಅಪರಾಧ. ಅದಕ್ಕೂ ಮೊದಲು ಹಟ್ಟಿಗಳಲ್ಲಿ ಕೃಷ್ಣ ಕುಟೀರ ಅಂತ ಸರ್ಕಾರವೇ ಕಟ್ಟಡ ಕಟ್ಟಿಸಿತು. ಗುಡಿಸಲಿಗಿಂತ ವಾಸಿ ಅಂದರು ಕೆಲವರು. ಹೊರಗಿಡೋದಕ್ಕೆ ಸರ್ಕಾರವೇ ಸಿಮೆಂಟು ಹಾಕಿ ಮುದ್ರೆ ಒತ್ತಿದಂತಾಯಿತು ಅಂದರು ಹಲವರು. ಎಷ್ಟೋ ಹಟ್ಟಿಗಳಲ್ಲಿ ಓದಿದ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆಯರು ಮಾತಾಡಿ ಮಾತಾಡಿ ಈ ಪದ್ಧತಿಯನ್ನ ಸಡಿಲ ಮಾಡಿದ್ದಾರೆ. ಬಾಣಂತಿ ಮನೆಯೊಳಗೇ ಮಲಗಿದ ಆ ಹಟ್ಟಿಗಳ ಚಿತ್ರ ಟಿವಿಯಲ್ಲಿ ಬರೋದು ತೀರಾ ಅಪರೂಪ. ಒಂದು ಸಮುದಾಯವನ್ನ ಅದರ ಅತಿ ಕೆಟ್ಟ ದಿನದಿಂದ ಮಾತ್ರ ಗುರುತಿಸೋದೂ ಒಂದು ರೀತಿಯಲ್ಲಿ ಹೊರಗಿಡೋದೇ.

ಬಳ್ಳಾರಿಗೆ ವಾಪಸ್ ಬರೋಣ. ಬಾಣಂತಿಯರ ಸಾವಿನ ನಂತರ ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಆ ಕಂಪನಿಯ ದ್ರಾವಣ ಬಳಸೋದನ್ನ ನಿಲ್ಲಿಸಿತು, ಔಷಧ ನಿಯಂತ್ರಕರನ್ನ ಅಮಾನತು ಮಾಡಿತು, ಪರಿಹಾರ ಘೋಷಿಸಿತು. ಸಾವುಗಳಾದ ಮೇಲೆ ಇಷ್ಟೆಲ್ಲಾ ಆಯಿತು. ಕ್ಯಾಮೆರಾಗಳು ಸೊಂಟ ಅಳೆಯೋಕೆ ಕಳೆದ ಸಮಯದಲ್ಲಿ ಒಂದಿಷ್ಟನ್ನ ಹೆರಿಗೆ ವಾರ್ಡಿನ ಔಷಧ ದಾಸ್ತಾನಿಗೆ ಕೊಟ್ಟಿದ್ದರೆ? ಸತ್ತವರು ಉಳೀತಿದ್ದರು ಅಂತ ಹೇಳೋಕಾಗಲ್ಲ. ಆದರೆ ಅಧಿಕಾರಿಗಳಿಗೆ ಯಾರೋ ನೋಡ್ತಿದ್ದಾರೆ ಅನ್ನೋ ಭಯವಾದರೂ ಇರ್ತಿತ್ತು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಅಶೋಕ ಚಕ್ರವರ್ತಿ ಬರೆಸಿದ ಶಾಸನ ಇದೆ. ತಾಯಿ ತಂದೆಯ ಸೇವೆ ಮಾಡಬೇಕು, ಜೀವಗಳ ಮೇಲೆ ದಯೆ ಇರಬೇಕು ಅಂತ ಅದರಲ್ಲಿ ಹೇಳಿದೆ. ತಾಯಿಯ ಸೇವೆ ಅಂದ್ರೆ ಅಮ್ಮಂದಿರ ದಿನಕ್ಕೆ ಸ್ಟೇಟಸ್ ಹಾಕೋದಲ್ಲ. ಆಕೆ ಹೆತ್ತು ಮಲಗಿದಾಗ ತಟ್ಟೆಗೆ ಇನ್ನೊಂದು ಮುದ್ದೆ ಹಾಕೋದು.

ಬಾಣಂತಿಯನ್ನ ಕೇಳಲೇಬೇಕಾದ ಒಂದು ಸಂಖ್ಯೆ ಇದೆ, ಅದು ಕೆ.ಜಿ. ಲೆಕ್ಕದ್ದಲ್ಲ. ಪ್ರತಿ ಗರ್ಭಿಣಿಗೂ ಸರ್ಕಾರ ಕೊಡೋ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಅಂತ ಒಂದು ಕಾಲಂ ಇರುತ್ತೆ. ಗರ್ಭಿಣಿಗೆ ಅದು 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಗಂಡಾಂತರ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಇವತ್ತೇ ಆ ಕಾರ್ಡ್ ತೆಗೆದು ನೋಡಿ. ಹೊಟ್ಟೆ ಇಳಿದಿಲ್ಲ ಅಂತ ಕೇಳೋ ಮೊದಲು, ಊಟ ಆಯ್ತೇನವ್ವಾ ಅಂತ ಕೇಳಿ.